ಘನಸ್ಥಿತಿ ಎನ್‌ಎಂಆರ್‌ನಲ್ಲಿ ಸಿಗ್ನಲ್ ಹೆಚ್ಚಾಗಿದೆ, ಗೆರೆಗಳು ಮಾತ್ರ ಅಗಲವಾಗಿವೆ: ಜಿಬಿ1, 3.2 ಮಿಮೀ ರೋಟರ್

ಹೊಸ_ರೋಟರ್:
ಎಲ್ಲರಿಗೂ ನಮಸ್ಕಾರ. ನನ್ನದು ಜಿಬಿ1 ಪ್ರೋಟೀನಿನ ಮೈಕ್ರೋಕ್ರಿಸ್ಟಲ್ ಸ್ಯಾಂಪಲ್. ಇಡಿಯಾಗಿ ಕಾರ್ಬನ್-13, ನೈಟ್ರೋಜನ್-15 ಲೇಬಲ್ ಆಗಿದೆ. 600 ಮೆಗಾಹರ್ಟ್ಸ್ ಎನ್‌ಎಂಆರ್ ಯಂತ್ರ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳ ಸಿಗ್ನಲ್ ಹಿಡಿಯುವುದು), 3.2 ಮಿಮೀ ರೋಟರ್ (ಸ್ಯಾಂಪಲ್ ತುಂಬಿ ತಿರುಗಿಸುವ ಪುಟ್ಟ ಕೊಳವೆ), ತಿರುಗುವ ವೇಗ 12.5 ಕಿಲೋಹರ್ಟ್ಸ್, ರೋಟರನ್ನು ತೇಲಿಸುವ ಬೇರಿಂಗ್ ಗಾಳಿ ಮೈನಸ್ 10 ಡಿಗ್ರಿ ಸೆಲ್ಸಿಯಸ್. ಕಳೆದ ತಿಂಗಳು ತೆಗೆದ ಕಾರ್ಬನ್–ಕಾರ್ಬನ್ ಡಾರ್ ಸ್ಪೆಕ್ಟ್ರಮ್‌ನಲ್ಲಿ (ಹತ್ತಿರದ ಕಾರ್ಬನ್ ಜೋಡಿಗಳನ್ನು ಎರಡು ಅಕ್ಷಗಳಲ್ಲಿ ತೋರಿಸುವುದು) ಅಲನೈನ್ ಅಮೈನೋ ಆಮ್ಲಗಳನ್ನು ಬಿಡಿಬಿಡಿಯಾಗಿ ಗುರುತಿಸಬಹುದಿತ್ತು. ಗೆರೆಯ ಅಗಲ ಸುಮಾರು 0.5 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲಿನ ಅಳತೆ). ಅದೇ ರೋಟರನ್ನು ಈ ವಾರ ಮತ್ತೆ ಹಾಕಿದರೆ ಅಗಲ 1.5ರ ಹತ್ತಿರ ಹೋಗಿದೆ, ಅಲನೈನ್‌ಗಳೆಲ್ಲ ಸೇರಿ ಒಂದೇ ಮುದ್ದೆಯಾಗಿವೆ.

ಅಡಮಾಂಟೇನ್ ಎಂಬ ಪರೀಕ್ಷಾ ಹರಳು ಹಾಕಿ ಶಿಮ್ (ಕಾಂತಕ್ಷೇತ್ರ ಎಲ್ಲೆಡೆ ಸಮವಾಗಿದೆಯೇ ಎಂದು) ನೋಡಿದೆ, ಚೆನ್ನಾಗಿದೆ. ವಿಚಿತ್ರವೆಂದರೆ ಕ್ರಾಸ್ ಪೋಲರೈಸೇಷನ್ (ಪ್ರೋಟಾನ್‌ನಿಂದ ಕಾರ್ಬನ್‌ಗೆ ಧ್ರುವೀಕರಣ ದಾಟಿಸುವುದು) ಸಿಗ್ನಲ್‌ನ ಒಟ್ಟು ವಿಸ್ತೀರ್ಣ ಹಿಂದಿನದಕ್ಕಿಂತ ತುಸು ಹೆಚ್ಚೇ ಇದೆ. ಪ್ರೋಟಾನ್ ಡಿಕಪ್ಲಿಂಗ್ (ಪ್ರೋಟಾನ್‌ಗಳ ಪ್ರಭಾವವನ್ನು ರೇಡಿಯೋ ಶಕ್ತಿಯಿಂದ ಅಳಿಸುವುದು) ಸಾಲುತ್ತಿಲ್ಲ, 80 ಕಿಲೋಹರ್ಟ್ಸ್‌ನಿಂದ 100ಕ್ಕೆ ಏರಿಸು ಎಂದು ಪ್ರಯೋಗಾಲಯದ ಹಿರಿಯರು ಹೇಳುತ್ತಿದ್ದಾರೆ. ಏರಿಸಲೇ?

ಮಂತ್ರಕೋನ:
ಡಿಕಪ್ಲಿಂಗ್‌ಗೆ ಹೋಗುವ ಮೊದಲು ಕಾಂತಕ್ಷೇತ್ರಕ್ಕೆ ರೋಟರ್ ವಾಲಿರುವ ಕೋನ ನೋಡಿದ್ದೀರಾ? ಅಡಮಾಂಟೇನ್ ಶಿಮ್ ಸರಿಯಿದೆ ಎಂದರೆ ಕೋನ 54.74 ಡಿಗ್ರಿಯಲ್ಲೇ ಇದೆ ಎಂದು ಅರ್ಥವಲ್ಲ. ಅಡಮಾಂಟೇನ್ ಅಣುಗಳು ತಮ್ಮ ಜಾಗದಲ್ಲೇ ಗಿರಗಿರನೆ ತಿರುಗುತ್ತಿರುತ್ತವೆ, ಕೋನ ಕೊಂಚ ತಪ್ಪಿದರೂ ಅದು ಹೇಳಿಕೊಡುವುದಿಲ್ಲ. ಪೊಟ್ಯಾಸಿಯಮ್ ಬ್ರೋಮೈಡ್ ಹಾಕಿ, ಬ್ರೋಮಿನ್-79 ಸಿಗ್ನಲ್‌ನ ಮುಳ್ಳುಗಳು 10 ಮಿಲಿಸೆಕೆಂಡ್‌ವರೆಗೂ ಎದ್ದು ಕಾಣುತ್ತವೆಯೇ ನೋಡಿ. ಇನ್ನೊಂದು ಪ್ರಶ್ನೆ: ಕಾರ್ಬೊನಿಲ್ ಗೆರೆಗಳು ಮಾತ್ರ ಕೆಟ್ಟಿವೆಯೋ, ಮೀಥೈಲ್‌ಗಳೂ ಕೆಟ್ಟಿವೆಯೋ? ಕೋನ ತಪ್ಪಿದರೆ ಮೊದಲು ಪೆಟ್ಟು ತಿನ್ನುವುದು ಕಾರ್ಬೊನಿಲ್. ಮೀಥೈಲ್‌ಗೆ ಅಷ್ಟಾಗಿ ತಟ್ಟುವುದಿಲ್ಲ.

ಹೊಸ_ರೋಟರ್:
ಬ್ರೋಮೈಡ್ ನೋಡಿದೆ, 10 ಮಿಲಿಸೆಕೆಂಡ್ ದಾಟಿಯೂ ಮುಳ್ಳುಗಳಿವೆ. ಮೀಥೈಲ್‌ಗಳೂ ಅಷ್ಟೇ ಕೆಟ್ಟಿವೆ. ಈ ಪ್ರೋಟೀನಿನಲ್ಲಿ ಐಸೋಲ್ಯೂಸಿನ್ ಇರುವುದು ಒಂದೇ, ಆರನೆಯ ಸ್ಥಾನದಲ್ಲಿ. ಅದರ ಡೆಲ್ಟಾ ಮೀಥೈಲ್ ಗುಂಪಿನಿಂದ ದೂರ, ಬಲತುದಿಯಲ್ಲಿ ಒಂಟಿಯಾಗಿ ಕೂತಿರುವುದರಿಂದ ಅಳೆಯುವುದು ಸುಲಭ. ಅದೂ ಅಗಲವಾಗಿದೆ.

ಹಳೆಯ_ಪ್ರೋಬ್:
ಹಾಗಿದ್ದರೆ ಯಂತ್ರವನ್ನು ಬಿಟ್ಟು ಸ್ಯಾಂಪಲ್ ಕಡೆ ತಿರುಗಿ. ಡಿಕಪ್ಲಿಂಗ್ ಏರಿಸಲೇಬೇಡಿ. ಉಪ್ಪಿನ ಬಫರ್ ಇರುವ ಒದ್ದೆ ಸ್ಯಾಂಪಲ್ ರೇಡಿಯೋ ಶಕ್ತಿಯನ್ನು ಹೀರಿ ಬಿಸಿಯಾಗುತ್ತದೆ. ಇರುವ ತೊಂದರೆಗೆ ಇನ್ನೊಂದು ಸೇರಿಕೊಳ್ಳುತ್ತದೆ.

ಡಿಕಪ್ಲಿಂಗ್ ದೋಷವೋ ಅಲ್ಲವೋ ಎಂಬುದನ್ನು ಊಹಿಸುವ ಅಗತ್ಯವೂ ಇಲ್ಲ. ಕ್ರಾಸ್ ಪೋಲರೈಸೇಷನ್ ಆದ ಮೇಲೆ ಕಾರ್ಬನ್ ಮೇಲೆ ಒಂದು 180 ಡಿಗ್ರಿ ಪಲ್ಸ್ ಕೊಟ್ಟು ಸ್ಪಿನ್ ಎಕೋ ತೆಗೆಯಿರಿ, ಎಕೋ ಸಮಯವನ್ನು ಹೆಚ್ಚಿಸುತ್ತಾ ಹೋಗಿ. ನಿಮ್ಮ ಒಂಟಿ ಮೀಥೈಲ್ ಸಿಗ್ನಲ್ ಬೇಗ ಸತ್ತರೆ ದೋಷ ಡಿಕಪ್ಲಿಂಗ್‌ನದೋ ಅಣುವಿನ ಚಲನೆಯದೋ ಇರಬೇಕು. ಎಕೋ ಬಹಳ ಹೊತ್ತು ಬದುಕಿಯೂ ಗೆರೆ ಅಗಲವಾಗಿಯೇ ಇದ್ದರೆ, ಪ್ರೋಟೀನ್ ಅಣುಗಳು ಒಂದರಂತೆ ಒಂದು ಇಲ್ಲ, ಪ್ರತಿಯೊಂದರ ಶಿಫ್ಟ್ (ಸ್ಪೆಕ್ಟ್ರಮ್‌ನಲ್ಲಿ ಗೆರೆಯ ಸ್ಥಾನ) ಕೂದಲೆಳೆಯಷ್ಟು ಬೇರೆ ಎಂದರ್ಥ. ಅದನ್ನು ಎಷ್ಟು ಡಿಕಪ್ಲಿಂಗ್ ಕೊಟ್ಟರೂ ಸರಿಮಾಡಲಾಗದು.

ನನ್ನ ಅನುಮಾನ ನೀರಿನ ಮೇಲೆ. ಸಿಗ್ನಲ್ ಹೆಚ್ಚಿ ಗೆರೆ ಅಗಲವಾಗುವುದು ಒಣಗಿದ ಪ್ರೋಟೀನಿನ ಲಕ್ಷಣ. ನೀರು ಹೋದರೆ ಹೊರಮೈಯ ಪಾರ್ಶ್ವ ಸರಪಳಿಗಳು ಅಲುಗಾಡುವುದನ್ನು ನಿಲ್ಲಿಸುತ್ತವೆ. ಪ್ರೋಟಾನ್‌ನಿಂದ ಕಾರ್ಬನ್‌ಗೆ ಧ್ರುವೀಕರಣ ಸಲೀಸಾಗಿ ದಾಟುತ್ತದೆ, ಆದರೆ ಒಂದೊಂದು ಅಣುವೂ ಒಂದೊಂದು ಭಂಗಿಯಲ್ಲಿ ಸಿಕ್ಕಿಕೊಂಡಿರುತ್ತದೆ. ನೇರವಾಗಿ ಒಂದು ಪ್ರೋಟಾನ್ ಸ್ಪೆಕ್ಟ್ರಮ್ ತೆಗೆದು 4.7 ಪಿಪಿಎಂ ಆಸುಪಾಸಿನ ನೀರಿನ ಪೀಕನ್ನು ಹಳೆಯ ಫೈಲ್‌ನೊಂದಿಗೆ ಹೋಲಿಸಿ. ಪೀಕ್ ಕಾಣದಿದ್ದರೆ ತಕ್ಷಣ ತೀರ್ಮಾನಿಸಬೇಡಿ: ನೀರು ಹೆಪ್ಪುಗಟ್ಟಿದರೂ ಆ ಚೂಪು ಪೀಕ್ ಮಾಯವಾಗುತ್ತದೆ, ಗೆರೆಗಳೂ ಅಗಲವಾಗುತ್ತವೆ. ಗಾಳಿಯನ್ನು ನಿಧಾನವಾಗಿ 10 ಡಿಗ್ರಿಗೆ ತನ್ನಿ. ಮರಳಿ ಬಂದರೆ ಅದು ಮಂಜುಗಡ್ಡೆಯಾಗಿತ್ತು, ಬಾರದಿದ್ದರೆ ನೀರು ರೋಟರಿನಲ್ಲೇ ಇಲ್ಲ. ತುಂಬಿದ ದಿನದ ತೂಕ ಬರೆದಿಟ್ಟಿದ್ದರೆ ರೋಟರನ್ನು ತಕ್ಕಡಿಗೂ ಹಾಕಿ.

ಹೊಸ_ರೋಟರ್:
ಮೂರೂ ಆಯಿತು. ಎಕೋ ದೀರ್ಘವಾಗಿಯೇ ಇದೆ. ನೀರಿನ ಪೀಕ್ ಹಿಂದಿನದರ ಕಾಲು ಭಾಗವೂ ಇಲ್ಲ, ಬೆಚ್ಚಗೆ ಮಾಡಿದರೂ ಬರಲಿಲ್ಲ. ನೋಟ್‌ಬುಕ್‌ನಲ್ಲಿದ್ದ ತೂಕಕ್ಕಿಂತ ರೋಟರ್ 4 ಮಿಲಿಗ್ರಾಂ ಹಗುರವಾಗಿದೆ. ಮುಚ್ಚಳ ಮಾತ್ರ ಗಟ್ಟಿಯಾಗಿ ಕೂತಿದೆಯಲ್ಲ, ನೀರು ಹೋದದ್ದೆಲ್ಲಿಂದ?

ಹಳೆಯ_ಪ್ರೋಬ್:
ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗಿಯೇ ಇರುತ್ತದೆ. ಮುಚ್ಚಳ ಪ್ಲಾಸ್ಟಿಕ್, ರೋಟರ್ ಜಿರ್ಕೋನಿಯಾ. ತಂಪು ಮಾಡಿದಾಗ ಪ್ಲಾಸ್ಟಿಕ್ ಹೆಚ್ಚು ಕುಗ್ಗುತ್ತದೆ, ಸಂದು ಬಿಡುತ್ತದೆ. ಒಳಗೆ ಸೆಕೆಂಡಿಗೆ 12,500 ಸುತ್ತು, ನೀರನ್ನು ಗೋಡೆಗೆ ಒತ್ತಿ ಹಿಡಿಯುವ ಬಲ. ಸಂದು ಸಿಕ್ಕರೆ ಅದು ಕಾಯುತ್ತದೆಯೇ?

ಸ್ಯಾಂಪಲ್ ಎಸೆಯಬೇಡಿ. ಮುಚ್ಚಳ ತೆಗೆದು, ಹರಳುಗಳು ಬೆಳೆದ ಅದೇ ದ್ರಾವಣವನ್ನು, ಎಂದರೆ ಎಂಪಿಡಿ ಮತ್ತು ಐಸೋಪ್ರೊಪನಾಲ್ ಎಂಬ ಆಲ್ಕೊಹಾಲ್‌ಗಳು ಬೆರೆತ ಬಫರನ್ನು, ಕೆಲವೇ ಮೈಕ್ರೋಲೀಟರ್ ಸೇರಿಸಿ. ಬರಿಯ ನೀರು ಹಾಕಿದರೆ ಹರಳು ಕರಗಿಹೋಗುತ್ತದೆ. ಜಿಬಿ1 ನೀರಿನಲ್ಲಿ ಬಹಳ ಚೆನ್ನಾಗಿ ಕರಗುವ ಪ್ರೋಟೀನ್. ಸೆಂಟ್ರಿಫ್ಯೂಜ್‌ನಲ್ಲಿ ಮೆಲ್ಲಗೆ ತಿರುಗಿಸಿ ಒಳಗಿಳಿಸಿ, ರಾತ್ರಿಯಿಡೀ ತಂಪಿನಲ್ಲಿ ಬಿಡಿ. ಮುಚ್ಚುವಾಗ ಸ್ಯಾಂಪಲ್ ಮೇಲೆ ರಬ್ಬರ್ ಅಥವಾ ಸಿಲಿಕೋನ್ ಬಿರಡೆಯಿಟ್ಟು ಆಮೇಲೆ ಮುಚ್ಚಳ ಹಾಕಿ. 2002ರಲ್ಲಿ ಬರ್ಲಿನ್‌ನ ಓಷ್ಕಿನಾಟ್ ತಂಡ ಆಲ್ಫಾ ಸ್ಪೆಕ್ಟ್ರಿನ್‌ನ ಎಸ್‌ಎಚ್3 ಭಾಗದ ರಚನೆಯನ್ನು ಘನಸ್ಥಿತಿ ಎನ್‌ಎಂಆರ್ ವಿಧಾನದಲ್ಲಿ ಬಿಡಿಸಿದಾಗಲೂ ರೋಟರಿನಲ್ಲಿದ್ದದ್ದು ಒದ್ದೆ ಮೈಕ್ರೋಕ್ರಿಸ್ಟಲ್‌ಗಳೇ. ‘ಘನಸ್ಥಿತಿ’ ಎಂದೊಡನೆ ಒಣಪುಡಿ ಎಂದುಕೊಂಡು ಬರುವವರು ಪ್ರತಿವರ್ಷ ಇಬ್ಬರು ಸಿಗುತ್ತಾರೆ ನನಗೆ.

ಹೊಸ_ರೋಟರ್:
ಧನ್ಯವಾದಗಳು ಸರ್. ಗೆರೆಗಳು 0.6 ಪಿಪಿಎಂಗೆ ಇಳಿದಿವೆ, ಅಲನೈನ್‌ಗಳು ಮತ್ತೆ ಬಿಡಿಯಾಗಿವೆ. ಇದೇ ಎಳೆಯಲ್ಲಿ ಇನ್ನೊಂದು ಸಣ್ಣ ಪ್ರಶ್ನೆ: ಪ್ರಕಟವಾದ ಪಟ್ಟಿಗಿಂತ ನನ್ನ ಕಾರ್ಬನ್ ಶಿಫ್ಟ್‌ಗಳೆಲ್ಲ 2 ಪಿಪಿಎಂ ಕಡಿಮೆ ಬರುತ್ತಿವೆ. ಇದಕ್ಕೂ ನೀರೇ ಕಾರಣವೇ?

ಮಂತ್ರಕೋನ:
ಅಲ್ಲ. ಅಡಮಾಂಟೇನ್‌ನ ಎಡಬದಿಯ ಪೀಕನ್ನು ನೀವು 38.48ಕ್ಕೆ ಇಟ್ಟಿರುತ್ತೀರಿ. ಅದು ಟಿಎಂಎಸ್ ಎಂಬ ವಸ್ತುವನ್ನು ಸೊನ್ನೆಯಾಗಿಟ್ಟ ಅಳತೆ. ಪ್ರೋಟೀನ್ ಪಟ್ಟಿಗಳು ಡಿಎಸ್‌ಎಸ್ ಎಂಬ ಇನ್ನೊಂದು ವಸ್ತುವಿನ ಅಳತೆಯಲ್ಲಿರುತ್ತವೆ, ಅಲ್ಲಿ ಅದೇ ಪೀಕ್ 40.48. ಇದನ್ನು ಹಾಗೇ ಬಿಡಬೇಡಿ: ಹೆಲಿಕ್ಸ್‌ನಲ್ಲಿರುವ ಅಲನೈನ್‌ನ ಆಲ್ಫಾ ಕಾರ್ಬನ್ 55ರ ಸುತ್ತ, ಬೀಟಾ ಎಳೆಯಲ್ಲಿರುವುದರದ್ದು 51ರ ಸುತ್ತ. 2 ಪಿಪಿಎಂ ಜಾರಿದರೆ ಹೆಲಿಕ್ಸ್ ಯಾವುದು, ಎಳೆ ಯಾವುದು ಎಂಬುದೇ ಕಲಸಿಹೋಗುತ್ತದೆ. ಪ್ರಯೋಗವನ್ನು ಮತ್ತೆ ಮಾಡಬೇಕಿಲ್ಲ. ಫೈಲ್ ತೆರೆದು ರೆಫರೆನ್ಸ್ ಬದಲಿಸಿ, ಎರಡೂ ಅಕ್ಷಗಳಲ್ಲಿ.