ನಾತ್ಸುಮೆ ಯೂಜಿನ್‌ಚೋ 4 ಎಪಿಸೋಡ್ ನೋಡ್ದೆ, ಕಥೆ ಯಾವಾಗ ಶುರುವಾಗತ್ತೆ?

ಅರ್ಧ_ಕಾಫಿ:

ಎಲ್ರಿಗೂ ನಮಸ್ಕಾರ. ಇಲ್ಲಿ ಅನಿಮೆ ನೋಡೋರು ಸುಮಾರು ಜನ ಇದೀರ ಅಂತ ಗೊತ್ತು, ಅದಕ್ಕೇ ಕೇಳ್ತಿದೀನಿ, ಬೈಬೇಡಿ. ನಾನು ಇಲ್ಲಿವರೆಗೂ ನೋಡಿರೋದೆಲ್ಲ ಹೊಡೆದಾಟದ್ದೇ. ರಾತ್ರಿ ಶಿಫ್ಟ್ ಮುಗಿಸಿ ಬಂದ್ಮೇಲೆ ನಿದ್ದೆ ಬರಲ್ಲ, ಏನಾದ್ರೂ ಸಮಾಧಾನವಾಗಿರೋದು ಹೇಳೇ ಅಂದಿದ್ದಕ್ಕೆ ತಂಗಿ ಇದನ್ನ ಹಾಕ್ಕೊಟ್ಲು.

ಗೊತ್ತಿಲ್ದೋರಿಗೆ: ನಾತ್ಸುಮೆ ಅಂತ ಒಬ್ಬ ಹೈಸ್ಕೂಲ್ ಹುಡುಗ, ಅಪ್ಪ ಅಮ್ಮ ಇಲ್ಲ, ಒಬ್ಬ ನೆಂಟರ ಮನೆಯಿಂದ ಇನ್ನೊಬ್ಬರ ಮನೆಗೆ ಸಾಗಹಾಕಿಸ್ಕೊಂಡೇ ಬೆಳೆದಿದಾನೆ, ಬೇರೆಯೋರ ಕಣ್ಣಿಗೆ ಬೀಳದ ಯೋಕಾಯ್ ಅನ್ನೋ ವಿಚಿತ್ರ ಜೀವಿಗಳು ಇವನಿಗೆ ಕಾಣ್ತವೆ. ಅವನ ಅಜ್ಜಿ ರೇಕೊಗೂ ಕಾಣ್ತಿತ್ತಂತೆ, ಆಕೆ ಸಿಕ್ಕ ಸಿಕ್ಕ ಯೋಕಾಯ್ ಜೊತೆ ಪಂದ್ಯ ಕಟ್ಟಿ ಸೋಲಿಸಿ ಅವುಗಳ ಹೆಸರು ಬರೆಸ್ಕೊಂಡು ಒಂದು ಪುಸ್ತಕ ಮಾಡಿಟ್ಟಿದಾಳೆ, ಹೆಸರು ಯಾರ ಕೈಲಿದ್ಯೋ ಅವರು ಹೇಳಿದ್ದು ಅದು ಕೇಳಲೇಬೇಕು. ಈಗ ಆ ಪುಸ್ತಕ ಮೊಮ್ಮಗನ ಪಾಲಿಗೆ ಬಂದಿದೆ, ಅವನು ಒಂದೊಂದೇ ಹೆಸರು ವಾಪಸ್ ಕೊಡ್ತಾ ಕೂತಿದಾನೆ. ಜೊತೆಗೆ ಒಂದು ದಪ್ಪ ಬೆಕ್ಕು.

ಚೆನ್ನಾಗಿದೆ, ಇಲ್ಲ ಅಂತಿಲ್ಲ. ಆದ್ರೆ ನಾಲ್ಕು ಎಪಿಸೋಡ್ ಆಯ್ತು, ಯಾರೋ ಬರ್ತಾರೆ, ಇವನು ಸಹಾಯ ಮಾಡ್ತಾನೆ, ಹೋಗ್ತಾರೆ, ಮುಗೀತು. ಮುಂದೆ ದೊಡ್ಡ ವಿಲನ್ ಏನಾದ್ರೂ ಬರ್ತಾನಾ ಅಥವಾ ಕೊನೇವರೆಗೂ ಇಷ್ಟೇನಾ? ಇನ್ನೊಂದು, ಇದ್ರಲ್ಲಿ ಬರೋ ಯೋಕಾಯ್‌ಗಳೆಲ್ಲ ನಿಜವಾಗ್ಲೂ ಜಪಾನಿನ ಹಳೇ ಕಥೆಗಳಲ್ಲಿ ಇರೋವಾ ಅಥವಾ ಇವರೇ ಕಟ್ಟಿದ್ದಾ? ಆಮೇಲೆ ಒಂದು ಪರ್ಸನಲ್ ಸಮಸ್ಯೆ. ಮೊದಲನೇ ಎಪಿಸೋಡಲ್ಲಿ ಆ ಒಂಟಿಕಣ್ಣಿಂದು ಬರೋ ಹೊತ್ತಿಗೆ ಸರಿಯಾಗಿ ಅಮ್ಮ ನೀರು ಕುಡಿಯೋಕೆ ಎದ್ದು ಬಂದ್ರು, "ನಡುರಾತ್ರೀಲಿ ದೆವ್ವದ ಸಿನಿಮಾ ಹಾಕ್ಕೊಂಡು ಕೂತಿದೀಯಲ್ಲ" ಅಂತ ಬೈದು ಹೋದ್ರು. ಯೋಕಾಯ್‌ಗೆ ಕನ್ನಡದಲ್ಲಿ ಏನನ್ನೋದು? ದೆವ್ವ ಅಲ್ಲ ಅಂತ ಹೇಗೆ ಹೇಳಲಿ?

ಮಳೆ_ನಿಂತ_ಮೇಲೆ:

ವಿಲನ್ನಾ! ಬರಲ್ಲ. ಮಾತೊಬಾ ಅಂತ ಒಬ್ಬ ಬರ್ತಾನೆ ಮುಂದೆ, ಯೋಕಾಯ್‌ಗಳನ್ನ ಕಟ್ಟಿಹಾಕೋ ಮನೆತನದವನು, ಅವನು ಬಂದಾಗ ಸ್ವಲ್ಪ ಟೆನ್ಷನ್ ಆಗತ್ತೆ, ಆದ್ರೆ ಅವನನ್ನ ಸೋಲಿಸೋದೇ ಕಥೆ ಅಂತ ಕಾಯ್ತಾ ಕೂತ್ರೆ ಏಳು ಸೀಸನ್ ಕಾದು ಬೇಜಾರ್ ಮಾಡ್ಕೋತೀರ. ಮೊದಲ ಸೀಸನ್ ಬಂದಿದ್ದು 2008ರ ಜುಲೈಲಿ, ಏಳನೇದು 2024ರ ಅಕ್ಟೋಬರ್‌ನಲ್ಲಿ, ಇದರ ಮೂಲ, ಯುಕಿ ಮಿದೊರಿಕಾವಾ ಅವರ ಮಾಂಗಾ (ಜಪಾನಿ ಕಾಮಿಕ್ಸ್), 2003ರಲ್ಲಿ ಶುರುವಾಗಿದ್ದು ಇನ್ನೂ ನಡೀತಾನೇ ಇದೆ, ಇಷ್ಟು ವರ್ಷ ಜನ ನೋಡ್ತಿರೋದು ವಿಲನ್‌ಗೋಸ್ಕರ ಅಲ್ಲ.

ನೀವು ಎರಡನೇ ಎಪಿಸೋಡ್ ಇನ್ನೊಂದ್ಸಲ ನೋಡಿ, ನಿದ್ದೆಗಣ್ಣಲ್ಲಿ ನೋಡಿರ್ತೀರ. ಆ ತ್ಸುಯುಕಾಮಿ, ಇಬ್ಬನಿ ದೇವರು. ಅದು ಹುಟ್ಟಾ ದೇವರೇ ಅಲ್ಲ, ನೆಲೆ ಇಲ್ದೆ ಅಲೀತಿದ್ದ ಒಂದು ಸಣ್ಣ ಯೋಕಾಯ್, ಹಾಳುಬಿದ್ದ ಪುಟ್ಟ ಗುಡಿ ಒಳಗೆ ಬಂದು ಸೇರ್ಕೊಂಡಿರತ್ತೆ. ಬರಗಾಲದಲ್ಲಿ ಯಾರೋ ಬಂದು ಮಳೆ ಬೇಡ್ಕೋತಾರೆ, ಮಾರನೇ ದಿನ ಮಳೆ ಬರತ್ತೆ, ಇದು ಏನೂ ಮಾಡಿರಲ್ಲ ಪಾಪ, ಜನ ಮಾತ್ರ ದೇವರು ಅಂತ ಪೂಜೆ ಶುರುಮಾಡ್ತಾರೆ. ಪೂಜೆ ಜಾಸ್ತಿ ಆದಂಗೆ ಅದೂ ದೊಡ್ಡದಾಗತ್ತೆ, ಜನ ಬರೋದು ಬಿಟ್ಟಂಗೆ ಕುಗ್ಗತ್ತೆ, ಈಗ ಅಂಗೈಯಷ್ಟಾಗಿದೆ, ಬರೋದು ಹಾನಾ ಅನ್ನೋ ಒಬ್ಬ ಅಜ್ಜಿ ಮಾತ್ರ. ಆ ಅಜ್ಜಿನೂ ಹೋದ್ರೆ? ನಾತ್ಸುಮೆ ನಾನು ಪೂಜೆ ಮಾಡ್ತೀನಿ ಅಂತಾನೆ, ಅದು ಬೇಡಪ್ಪ ನೀನು ನನ್ನ ಸ್ನೇಹಿತ ಅಂತ ಹೇಳಿ ನಗ್ತಾ ಹೋಗಿಬಿಡತ್ತೆ. ನಾನು ಮೊದಲ್ನೇ ಸಲ ನೋಡ್ದಾಗ ಬಸ್ಸಲ್ಲಿದ್ದೆ, ಪಕ್ಕದ ಸೀಟಿನ ಆಂಟಿ ಕರ್ಚೀಫ್ ಕೊಟ್ರು.

ಮೊದಲ್ನೇ ಎಪಿಸೋಡಿನ ಆ ಒಂಟಿಕಣ್ಣಿನ ಹಿಶಿಗಾಕಿನೂ ಅಷ್ಟೇ. ರೇಕೊ ಒಂದಿನ ಒಂದು ಮಾಂಜು (ಸಿಹಿ ಹೂರಣ ತುಂಬಿದ ಬನ್ನು) ತಿನ್ನಕ್ಕೆ ಕೊಟ್ಟು ಹೋದ್ಲು ಅಂತ ಅವಳು ಕರೀತಾಳೆ ಕರೀತಾಳೆ ಅಂತ ಕಾಯ್ತಾನೇ ಇರತ್ತೆ. ಅವುಗಳಿಗೆ ನಮ್ಮ ಐವತ್ತು ವರ್ಷ ಅಂದ್ರೆ ಮೊನ್ನೆ ಮೊನ್ನೆ. ರೇಕೊ ಸತ್ತು ಎಷ್ಟೋ ಕಾಲ ಆಗಿದೆ ಅನ್ನೋದೇ ಬಂದೋವಿಗೆ ಗೊತ್ತಿರಲ್ಲ, ಮೊಮ್ಮಗನ ಮುಖ ನೋಡಿ "ರೇಕೊ" ಅಂತ ಕೂಗ್ತವೆ. ಇವನು ಪ್ರತೀ ಸಲನೂ ಅಜ್ಜಿ ಇಲ್ಲ ಅಂತ ಹೇಳ್ಬೇಕು, ತಾನು ಒಂದ್ಸಲನೂ ನೋಡಿರದ ಅಜ್ಜಿ ಬಗ್ಗೆ. ಕಥೆ ಶುರುವಾಗಿ ಆಗಿದೆ ಸರ್, ಇದೇ ಕಥೆ.

ನಿಧಾನಕ್ಕೆ ಬದಲಾಗೋದು ಇನ್ನೊಂದಿದೆ, ಊಟದ ಮೇಜು ಗಮನಿಸ್ತಾ ಇರಿ. ತೋಕೊ, ಶಿಗೆರು ಅಂತ ಮಕ್ಕಳಿಲ್ಲದ ಗಂಡ ಹೆಂಡ್ತಿ, ದೂರದ ನೆಂಟರು, ಇವನನ್ನ ಮನೇಲಿಟ್ಕೊಂಡಿದಾರೆ. ಶುರೂಲಿ ಇವನು ಅಲ್ಲಿ ನೆಂಟರ ಮನೆ ಹುಡುಗನ ತರಾನೇ ಕೂತ್ಕೋತಾನೆ, ಬಡಿಸಿದ್ದು ಸಾಕು ಅಂತಾನೆ, ಬೆನ್ನು ನೆಟ್ಟಗೆ. ಆಮೇಲಿನ ಸೀಸನ್‌ಗಳಲ್ಲಿ ಅದೇ ಹುಡುಗ ಬಾಗಿಲಿಂದಾನೇ ಬಂದೆ ಅಂತ ಕೂಗ್ತಾನೆ ನೋಡಿ.

ಧಾರವಾಡ_ಫೇಡೆ:

ಎಲ್ಲಾರೂ ಹೊಗಳಾಕತ್ತೀರಿ, ನಾ ಒಬ್ಬಾವ ಬ್ಯಾರೆ ಹೇಳ್ತೀನಿ ಸಿಟ್ಟಾಗಬ್ಯಾಡ್ರಿ. ನಾ ಎರಡ್ನೇ ಸೀಸನ್ನಿನ ನಡುವ ಬಿಟ್ಟೆ. ಒಂದ್ ಎಪಿಸೋಡ್ ನೋಡಿದ್ರ ಛಲೋ ಐತಿ, ನಾಕು ಕೂಡ್ಸಿ ನೋಡಿದ್ರ ಎಲ್ಲಾ ಒಂದ ಅನಸ್ತೈತಿ, ಪಿಯಾನೋ ಶುರುವಾತಂದ್ರ ಈಗ ಯಾರೋ ಅಳ್ತಾರ ಅಂತ ಮೊದ್ಲ ಗೊತ್ತಾಗ್ತೈತಿ. ಹೆಸರು ವಾಪಸ್ ಕೊಡೂದೂ ಹಂಗ, ಹಾಳಿ ಬಾಯಾಗ ಕಚ್ಚೂದು, ಕೈ ತಟ್ಟೂದು, ಉಸಿರು ಬಿಡೂದು, ಎಷ್ಟ ಸಲ ನೋಡೂದ್ರಿ. ಬೆಕ್ಕು ಮಾತ್ರ ನಂಬರ್ ಒನ್.

ಮಳೆ_ನಿಂತ_ಮೇಲೆ:

@ಧಾರವಾಡ_ಫೇಡೆ ನಾಕು ಕೂಡ್ಸಿ ನೋಡಿದ್ದೇ ತಪ್ಪು ಅಣ್ಣಾ, ನಿಮ್ಮೂರಿನ ಫೇಡೆನೂ ಒಂದು ಕೆಜಿ ಒಂದೇ ಸಲ ತಿಂದ್ರೆ ಮುಖ ಕಟ್ಟತ್ತೆ. ವಾರಕ್ಕೊಂದು ಬರ್ತಿದ್ದ ಸೀರೀಸ್ ಅದು. ಪಿಯಾನೋ ವಿಷ್ಯ ಒಪ್ಕೋತೀನಿ 😄

ಹಳೇಪುಸ್ತಕ_ಹುಳ:

ಯೋಕಾಯ್ ಪ್ರಶ್ನೆಗೆ ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದಲು ನಿಮ್ಮ ಅಮ್ಮನಿಗೆ. ಜಪಾನಿನಲ್ಲಿ ಸತ್ತೋರು ತೀರದ ಆಸೆಗೋ ಸೇಡಿಗೋ ತಿರುಗಿ ಬಂದ್ರೆ ಅದು ಯೂರೇಯ್, ಅದನ್ನ ಬೇಕಾದ್ರೆ ನಾವು ದೆವ್ವ ಅನ್ಬೋದು. ಯೋಕಾಯ್ ಬೇರೆ. ಅದು ಯಾವ ಮನುಷ್ಯನೂ ಸತ್ತು ಆಗಿದ್ದೇ ಆಗಬೇಕಿಲ್ಲ, ಕಾಡಲ್ಲಿ ಹೊಳೇಲಿ ಹಳೇ ಮನೆ ಮೂಲೇಲಿ ತನ್ನ ಪಾಡಿಗೆ ತಾನು ಇರೋ ಜೀವ, ಕೆಲವು ಕೆಟ್ಟವು, ಕೆಲವು ಬರೀ ಕಿಲಾಡಿ, ಕೆಲವಕ್ಕೆ ಕೈಮುಗಿದ್ರೆ ಒಳ್ಳೇದು ಮಾಡ್ತವೆ. ಒಂದು ಪದದಲ್ಲಿ ಕನ್ನಡಕ್ಕೆ ಬರಲ್ಲ, ಯೋಕಾಯ್ ಅಂತಾನೇ ಬಿಡಿ. ಸೀರೀಸ್ ಒಳಗೆ ಅಯಾಕಾಶಿ ಅನ್ನೋ ಮಾತೂ ಬರತ್ತೆ, ಹತ್ತಿರ ಹತ್ತಿರ ಅದೇ.

ಇವು ಹಳೇ ಕಥೆಯವಾ ಅಂದ್ರೆ, ಹೌದು ಮತ್ತು ಅಲ್ಲ. 1776ರಲ್ಲಿ ತೊರಿಯಾಮಾ ಸೆಕಿಯೆನ್ ಅನ್ನೋ ಚಿತ್ರಕಾರ ಯೋಕಾಯ್‌ಗಳ ಚಿತ್ರದ ಪುಸ್ತಕ ತಂದ, ಪುಟಕ್ಕೊಂದರಂತೆ ಹೆಸರು ಸಮೇತ, ಇವತ್ತು ಎಷ್ಟೋ ಮಾಂಗಾ ಅನಿಮೆಗಳಲ್ಲಿ ಕಾಣೋ ಮುಖಗಳ ಮೂಲ ಅಲ್ಲಿದೆ. ಆಮೇಲೆ 1910ರಲ್ಲಿ ಯಾನಾಗಿತಾ ಕುನಿಯೋ ಅನ್ನೋ ಸರ್ಕಾರಿ ಅಧಿಕಾರಿ, ತೋನೋ ಕಡೆಯ ಸಾಸಾಕಿ ಕಿಜೆನ್ ಅನ್ನೋ ಯುವಕನ ಬಾಯಿಂದ ಕೇಳಿದ 119 ಕಥೆಗಳನ್ನ ಬರೆದು ಪುಸ್ತಕ ಮಾಡಿದ್ರು, ನೀರಲ್ಲಿರೋ ಕಪ್ಪಾ, ಮನೆ ಕಾಯೋ ಮಗು ಜಾಶಿಕಿವಾರಾಶಿ ಎಲ್ಲ ಅದರಲ್ಲಿವೆ. ನಾತ್ಸುಮೆಯಲ್ಲಿ ಕಪ್ಪಾ ನೇರವಾಗೇ ಬರತ್ತೆ, ತಲೆ ಮೇಲೆ ತಟ್ಟೆ, ತಟ್ಟೇಲಿ ನೀರು, ನೀರು ಆರಿದ್ರೆ ಶಕ್ತಿ ಇಲ್ಲ, ಇವನು ಅದಕ್ಕೆ ನೀರು ಹಾಕ್ತಾನೆ. ಆದ್ರೆ ರೇಕೊ ಪುಸ್ತಕದಲ್ಲಿರೋ ಹೆಸರುಗಳಲ್ಲಿ ಬಹಳಷ್ಟು ಲೇಖಕಿ ತಾವೇ ಕಟ್ಟಿದ್ದು, ಹಿಶಿಗಾಕಿನ ಸೆಕಿಯೆನ್ ಪುಸ್ತಕದಲ್ಲಿ ಹುಡುಕ್ಬೇಡಿ.

ಹಳೇದು ಅಂದ್ರೆ ಪಾತ್ರಕ್ಕಿಂತ ನಿಯಮಗಳು. ಹೆಸರು ಗೊತ್ತಾದ್ರೆ ಹಿಡಿತ ಸಿಗತ್ತೆ ಅನ್ನೋದು, ನೂರು ವರ್ಷ ಬಳಸಿದ ಸಾಮಾನಿಗೆ ಜೀವ ಬರತ್ತೆ ಅನ್ನೋ ತ್ಸುಕುಮೊಗಾಮಿ ನಂಬಿಕೆ, ಗುಡಿ ಮುಂದೆ ತೋರೀ ಕಮಾನು ದಾಟಿದ್ರೆ ಬೇರೆಯವರ ಜಾಗ ಅನ್ನೋದು. ಬೆಕ್ಕೂ ಹಂಗೇ, ಅದರ ನಿಜರೂಪ ಮಾದಾರಾ ಅನ್ನೋ ದೊಡ್ಡ ಬಿಳೀ ಮೃಗ, ಆದ್ರೆ ಎಷ್ಟೋ ವರ್ಷ ಮಾನೆಕಿ ನೆಕೊ ಬೊಂಬೆಯೊಳಗೆ ಬಂಧಿಯಾಗಿತ್ತು, ಅಂಗಡಿ ಗಲ್ಲಾ ಹತ್ರ ಪಂಜ ಎತ್ತಿ ಗಿರಾಕಿ ಕರೀತಾ ಕೂತಿರತ್ತಲ್ಲ ಅದೇ ಬೊಂಬೆ, ಅದಕ್ಕೇ ಆ ಗುಂಡು ಆಕಾರ.

ನನಗೆ ಮಜಾ ಅನಿಸೋದು ಇನ್ನೊಂದು. ಯಾನಾಗಿತಾ ವಾದ ಏನಂದ್ರೆ ಯೋಕಾಯ್ ಅಂದ್ರೆ ಪೂಜೆ ತಪ್ಪಿ ಕೆಳಗಿಳಿದ ದೇವರು. ಹಂಗೇ ಒಂದೇ ದಿಕ್ಕಲ್ಲಿ ಹೇಳಕ್ಕಾಗಲ್ಲ, ಪೂಜೆ ಸಿಕ್ಕಿದ್ರೆ ಯೋಕಾಯ್ ದೇವರಾಗೋದೂ ಉಂಟು ಅಂತ ಆಮೇಲೆ ಕೊಮಾತ್ಸು ಕಾಜುಹಿಕೊ ಅನ್ನೋ ಜಾನಪದ ವಿದ್ವಾಂಸರು ಅದನ್ನ ಪ್ರಶ್ನೆ ಮಾಡಿದ್ರು. ಮೇಲೆ ಹೇಳಿದ ತ್ಸುಯುಕಾಮಿ ಎಪಿಸೋಡ್ ನೋಡಿ, ಇಪ್ಪತ್ತು ಚಿಲ್ರೆ ನಿಮಿಷದಲ್ಲಿ ಎರಡೂ ಆಗತ್ತೆ, ಏರೋದೂ ಇಳಿಯೋದೂ. ಲೇಖಕಿ ಅದನ್ನೆಲ್ಲ ಓದಿ ಬರೆದ್ರೋ ಇಲ್ವೋ ಗೊತ್ತಿಲ್ಲ ಬಿಡಿ, ಅಂಥ ಗುಡಿಗಳ ನಡುವೆ ಬೆಳೆದೋರಿಗೆ ಓದಬೇಕು ಅಂತೇನಿಲ್ಲ.

ಸುಮ್ನೆ_ಬಂದೆ:

ಅಂದ್ರೆ ನಮ್ಮ ಕರಾವಳಿಯ ಭೂತಾರಾಧನೆ ತರಾನೇ ಅಲ್ವಾ ಇದು? ಸೇಮ್ ಟು ಸೇಮ್.

ಕುಡ್ಲದ_ಕುಚ್ಚಲಕ್ಕಿ:

@ಸುಮ್ನೆ_ಬಂದೆ ಸೇಮ್ ಎಂತದು ಮಾರಾಯ್ರೆ. ದೈವಕ್ಕೆ ನಾವು ವರ್ಷ ವರ್ಷ ಕೋಲ ಕೊಡ್ತೇವೆ, ಮುಂದೆ ನಿಂತು ಕಷ್ಟ ಹೇಳ್ತೇವೆ, ಅದು ನುಡಿ ಕೊಡ್ತದೆ, ಮನೆಗೆ ಊರಿಗೆ ಇಂತದ್ದೇ ದೈವ ಅಂತ ಉಂಟು. ಇದು ಕಾಡಲ್ಲಿ ಕೂತು ಸಾಕೆ (ಜಪಾನಿ ಮದ್ಯ) ಕುಡಿಯುವ ಬೆಕ್ಕು. ಗುಡಿ ಕಂಡ್ರೆ ಚಪ್ಪಲಿ ಬಿಡ್ಬೇಕು ಅನಿಸುವುದು ಎರಡು ಕಡೆಯೂ ಉಂಟು, ಅಷ್ಟು ಒಪ್ತೇನೆ. ನಾನು ಸೀರೀಸ್ ಮೂರು ಸಲ ನೋಡಿದ್ದೇನೆ ಮತ್ತೆ, ಕೋಪದಲ್ಲಿ ಹೇಳಿದ್ದಲ್ಲ.

ಫುಕುಓಕಾ_ಬಾಡಿಗೆಮನೆ:

ನಾನು ಕೆಲಸದ ಮೇಲೆ ಜಪಾನಿನ ಕ್ಯೂಶೂ ದ್ವೀಪದಲ್ಲಿದೀನಿ, ಐದನೇ ವರ್ಷ. ಮಿದೊರಿಕಾವಾ ಇಲ್ಲಿಯ ಕುಮಾಮೊತೊ ಕಡೆಯೋರೇ, ಸೀರೀಸಿನ ಊರು ಬರೆದಿರೋದು ಅದೇ ಪ್ರಾಂತ್ಯದ ಹಿತೊಯೋಶಿ, ಕುಮಾ ನದಿ ಸುತ್ತಮುತ್ತ ನೋಡಿ. ನಾನು ಹೋದ ವರ್ಷ ಹೋಗಿದ್ದೆ. ಸುತ್ತಲೂ ಬೆಟ್ಟ, ಮಧ್ಯೆ ತಟ್ಟೆ ತರ ಊರು, ಬೆಳಿಗ್ಗೆ ಎದ್ದು ನೋಡಿದ್ರೆ ಮಂಜಲ್ಲಿ ಎದುರುಗಡೆ ಸೇತುವೆನೂ ಕಾಣಲ್ಲ. ಬೆಕ್ಕಿಗೆ ಕುಡಿತದ ಚಟ ಎಲ್ಲಿಂದ ಬಂತು ಅನ್ನೋದೂ ಗೊತ್ತಾಯ್ತು, ಆ ಕಣಿವೆ ಪೂರ್ತಿ ಅಕ್ಕಿ ಶೋಚುಗೆ ಹೆಸರುವಾಸಿ, ಎಲ್ಲಿ ನೋಡಿದ್ರೂ ಅದರ ಬಾಟ್ಲಿ.

ಆದ್ರೆ ಹೋಗೋರು ಒಂದು ತಿಳ್ಕೊಂಡಿರಿ. 2020ರ ಜುಲೈನಲ್ಲಿ ಕುಮಾ ನದಿ ಉಕ್ಕಿ ಊರೊಳಗೆ ನುಗ್ಗಿತ್ತು, ಜನ ಸತ್ತಿದಾರೆ, ರೈಲು ಸೇತುವೆಗಳು ಕೊಚ್ಚಿಹೋಗಿವೆ. ಯಾತ್ಸುಶಿರೊ ಕಡೆಯಿಂದ ನದಿ ಪಕ್ಕದಲ್ಲೇ ಬರ್ತಿದ್ದ ಹಿಸಾತ್ಸು ಲೈನ್ ಆವಾಗ ನಿಂತಿದ್ದು ನಾನು ಹೋದಾಗ್ಲೂ ಶುರುವಾಗಿರ್ಲಿಲ್ಲ, ನಾನು ಹೋಗಿದ್ದು ಬಸ್ಸಲ್ಲಿ. ಅನಿಮೇಲಿ ಕಂಡ ಜಾಗ ಅಂತ ಫೋನ್ ಎತ್ಕೊಂಡು ಹೋದ್ರೆ ಪಕ್ಕದ ಸೈಟ್ ಖಾಲಿ, ಬರೀ ಪಾಯ, ಅಲ್ಲೊಂದು ಮನೆ ಇತ್ತು ಅನ್ನೋದಕ್ಕೆ ಮೆಟ್ಟಿಲು ಉಳಿದಿದೆ. ಅಓಯಿ ಆಸೊ ದೇವಸ್ಥಾನ ನಿಂತಿದೆ, 1610ರ ಸುಮಾರಿಗೆ ಕಟ್ಟಿದ್ದು, ದಪ್ಪ ಹುಲ್ಲಿನ ಚಾವಣಿ, ರಾಷ್ಟ್ರೀಯ ನಿಧಿ ಅಂತ ಘೋಷಿಸಿದಾರೆ.

ಊರಾಚೆ ಗದ್ದೆ ಬದುವಿನಲ್ಲಿ ಒಂದು ಕಲ್ಲಿನ ಗುಡಿ ಸಿಕ್ತು, ನನ್ನ ಮೊಣಕಾಲಿನಷ್ಟೆತ್ತರ. ಮುಂದೆ ಒಂದು ಕಿತ್ತಳೆ, ಗಾಜಿನ ಲೋಟದಲ್ಲಿ ನೀರು. ನೀರು ಹೊಸದು. ಯಾರಿಟ್ರು ಅಂತ ನೋಡಿದೆ, ಯಾರೂ ಕಾಣ್ಲಿಲ್ಲ, ನಾನೂ ನನ್ನ ಬ್ಯಾಗಲ್ಲಿದ್ದ ಮಾಂಜು ಒಂದಿಟ್ಟು ಬಂದೆ. (ಬೆಕ್ಕು ತಿಂದಿರತ್ತೆ.)

ಅರ್ಧ_ಕಾಫಿ:

ಇಷ್ಟೊಂದು ಉತ್ತರ ಬರತ್ತೆ ಅನ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಎರಡನೇ ಎಪಿಸೋಡ್ ಮತ್ತೆ ನೋಡ್ದೆ, ಹೌದು, ಮೊದಲ ಸಲ ಅರ್ಧ ನಿದ್ದೇಲಿದ್ದೆ, ಹಾನಾ ಅಜ್ಜಿ ಹೋಗಿದ್ದೇ ನನ್ನ ತಲೆಗೆ ಹೋಗಿರ್ಲಿಲ್ಲ. ಆಮೇಲೆ ಆರನೇದೂ ನೋಡ್ದೆ, ಬರ ಬಂದು ಅಣೆಕಟ್ಟಿನ ನೀರು ಇಳಿದು ಮುಳುಗಿದ್ದ ಹಳ್ಳಿ ಮೇಲೆ ಬರತ್ತಲ್ಲ, ಅದರಲ್ಲಿರೋ ತ್ಸುಬಾಮೆ ಅನ್ನೋ ಯೋಕಾಯ್ ಒಬ್ಬರನ್ನ ಒಂದು ಸಲ ನೋಡಬೇಕು ಅಂತ ಕೇಳೋದು. ಒಂದು ರಾತ್ರಿ ಅವಳು ಎಲ್ಲರ ಕಣ್ಣಿಗೂ ಕಾಣೋ ಹಾಗಾಗತ್ತೆ, ಅಷ್ಟೇ, ಒಂದೇ ರಾತ್ರಿ. ಲ್ಯಾಪ್‌ಟಾಪ್ ಮುಚ್ಚಿ ಸುಮ್ನೆ ಕೂತಿದ್ದೆ.

ಅಮ್ಮನಿಗೆ ಯೂರೇಯ್, ಯೋಕಾಯ್ ಎಲ್ಲ ವಿವರಿಸಕ್ಕೆ ಹೋದೆ, ಅವರು ಪೂರ್ತಿ ಕೇಳ್ಲೂ ಇಲ್ಲ, ಪಕ್ಕ ಬಂದು ಕೂತು ಒಂದು ಎಪಿಸೋಡ್ ನೋಡಿದ್ರು. ಸಬ್‌ಟೈಟಲ್ ನಾನೇ ಓದಿ ಓದಿ ಕನ್ನಡದಲ್ಲಿ ಹೇಳ್ಬೇಕು. ಮುಗಿದ ಮೇಲೆ ಕೇಳಿದ್ದು ಎರಡೇ ಪ್ರಶ್ನೆ, ಆ ಹುಡುಗ ಮನೇಲಿ ಯಾಕೆ ಯಾರಿಗೂ ಹೇಳಲ್ಲ, ಆಮೇಲೆ ಆ ಬೆಕ್ಕಿಗೆ ಅಷ್ಟೊಂದು ಸಿಹಿ ಯಾಕೆ ಕೊಡ್ತಾರೆ, ಶುಗರ್ ಬರಲ್ವಾ ಅಂತ.

ಸಿನಿಮಾಗಳೂ ಇವೆ ಅಂತ ತಂಗಿ ಹೇಳಿದ್ಲು, ಅವು ಎಲ್ಲಿ ನಡುವೆ ನೋಡ್ಬೇಕು?

ಮಳೆ_ನಿಂತ_ಮೇಲೆ:

ಆರು ಸೀಸನ್ ಮುಗಿಸಿ 2018ರ ಸಿನಿಮಾ, ಆಮೇಲೆ 2021ರದ್ದು, ಆಮೇಲೆ ಏಳನೇ ಸೀಸನ್. ಒಟ್ಟು 86 ಎಪಿಸೋಡ್, ದಿನಕ್ಕೊಂದೇ ಹಾಕಿ, ಧಾರವಾಡದೋರ ತರ ಮಾಡ್ಬೇಡಿ. ಎಂಟನೇದು ಮಿಂಚುಹುಳದ್ದು, ಅದನ್ನ ಮಾತ್ರ ಬಸ್ಸಲ್ಲಿ ನೋಡ್ಬೇಡಿ.

ಧಾರವಾಡ_ಫೇಡೆ:

ಆತ್ರಿ, ಮಿಂಚುಹುಳದ್ದು ನೋಡಿದ್ದ ನೆನಪ ಇಲ್ಲ ನಂಗ. ಇವತ್ತ ರಾತ್ರಿ ಒಂದ, ಬರೇ ಒಂದ ನೋಡ್ತೀನಿ.