ಪದ ಬೇಕು (ತುರ್ತು): ‘ಕ್ಯಾಪ್ಶನ್ ಫೀಲ್ಡ್’ಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಪ್ರಬಂಧ ಟೈಪ್ ಮಾಡುವವರಿಗಾಗಿ ಗೋಡೆಗೊಂದು ಫಲಕ ಬೇಕಾಗಿದೆ, ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ವರ್ಡ್‌ನಲ್ಲಿ ‘ಚಿತ್ರ 12: ಲಾಲ್ ಬತ್ತೇರಿ, ಚಿತ್ರದುರ್ಗ ಕೋಟೆ’ ಅಂತ ಕ್ಯಾಪ್ಶನ್ ಹಾಕಿದಾಗ ಆ 12 ಕೈಯಲ್ಲಿ ಹೊಡೆದ ಅಂಕಿಯಲ್ಲ, ಎಸ್‌ಇಕ್ಯೂ ಎಂಬ ಫೀಲ್ಡ್, ಅಂದರೆ ವರ್ಡ್ ತಾನೇ ಎಣಿಸಿ ಅಂಕಿ ತುಂಬುವ ಜಾಗ. ನಡುವೆ ಒಂದು ಚಿತ್ರ ತೆಗೆದರೆ ಮುಂದಿನ ಅಂಕಿ ಒಡನೆ ಬದಲಾಗದು, ಎಫ್9 ಒತ್ತಬೇಕು. ಹುಡುಗರು ಅದನ್ನು ಅಳಿಸಿ ಕೈಯಲ್ಲಿ ತಿದ್ದುತ್ತಾರೆ, ಅಲ್ಲಿಗೆ ಇಡೀ ಪ್ರಬಂಧದ ಸಂಖ್ಯೆ ಕೆಡುತ್ತದೆ.

ಫಲಕದಲ್ಲಿ ‘ಅಡಿಬರಹ ಕ್ಷೇತ್ರ’ ಎಂದು ಬರೆದಿದ್ದೇನೆ. ಫೀಲ್ಡ್ ಬದಲಾಗದಂತೆ ತಡೆಯುವ ಕಂಟ್ರೋಲ್+ಎಫ್11ಕ್ಕೆ ‘ಕೀಲಿ ಹಾಕಿ’. ಸರಿಯೇ?

ಉತ್ತರ (ಚಿತ್ರದುರ್ಗದಿಂದ):
‘ಅಡಿಬರಹ’ ತಪ್ಪು. ಪ್ರಬಂಧಗಳಲ್ಲಿ ಕೋಷ್ಟಕದ ಕ್ಯಾಪ್ಶನ್ ಮೇಲೆ ಬರುತ್ತದೆ, ಅಡಿಯಲ್ಲಲ್ಲ. ‘ಕ್ಷೇತ್ರ’ವನ್ನು ದೇವಸ್ಥಾನಕ್ಕೂ ವಿಧಾನಸಭೆಗೂ ಬಿಡಿ. ಕ್ಯಾಪ್ಶನ್ನಿಗೆ ‘ಒಕ್ಕಣೆ’ ಎನ್ನಿ. ಬರಹ ಎಂಬರ್ಥದಲ್ಲಿ ಕಾಗದದ ಒಕ್ಕಣೆ, ಶಾಸನದ ಒಕ್ಕಣೆ ಎನ್ನುವುದಿಲ್ಲವೇ? ಫೀಲ್ಡ್‌ಗೆ ‘ಕಣ’. ‘ಒಕ್ಕಣೆ ಕಣ’ ಎಂದು ಹಾಕಿ. ಚರ್ಚೆಯ ಅಗತ್ಯವೇ ಇಲ್ಲ.

ಉತ್ತರ (ಜಗಳೂರಿನಿಂದ):
ಅಗತ್ಯ ಇದೆ ಸರ್. ನಮ್ಮ ಕಡೆ ಒಕ್ಕಣೆ ಅಂದರೆ ರಾಗಿ, ಮೆಕ್ಕೆಜೋಳ ಒಕ್ಕುವುದು. ಅದು ನಡೆಯುವುದೇ ಕಣದಲ್ಲಿ. ನೀವು ಹೇಳುವ ಒಕ್ಕಣೆ ಬೇರೆ ಮಾತು, ಒಪ್ಪಿದೆ. ಆದರೆ ಎರಡನ್ನೂ ಜೋಡಿಸಿ ಗೋಡೆಗೆ ಹಾಕಿದರೆ ಸುಗ್ಗಿ ಬಿಟ್ಟು ಬೇರೇನೂ ಹೊಳೆಯದು.

‘ಕೀಲಿ ಹಾಕಿ’ಯನ್ನೂ ತೆಗೆಯಿರಿ. ದಾವಣಗೆರೆಯಲ್ಲಿ ಕೀಲಿ ಅಂದರೆ ಬೀಗವೇ. ಅದೇ ಫಲಕದಲ್ಲಿ ‘ಕೀಲಿ ಒತ್ತಿ’ ಅಂತಲೂ ಇದ್ದರೆ ಯಾವ ಕೀಲಿ? ‘ಬೀಗ ಹಾಕಿ’ ಎನ್ನಿ, ಬಿಡಿಸಲು ಕಂಟ್ರೋಲ್+ಶಿಫ್ಟ್+ಎಫ್11. ಫೀಲ್ಡ್ ಫೀಲ್ಡಾಗಿಯೇ ಇರಲಿ.

ಉತ್ತರ (ಚಿತ್ರದುರ್ಗದಿಂದ):
ಇದು ಸೋಮಾರಿತನ. ಪದ ಕಟ್ಟಲಾರದವರು ಮಾತ್ರ ಹೀಗೆ ಎರವಲಿಗೆ ಕೈಚಾಚುತ್ತಾರೆ.

ಉತ್ತರ (ಜಗಳೂರಿನಿಂದ):
‘ಕಾಗದದ ಒಕ್ಕಣೆ’ ಎಂದಿರಿ, ಕಾಗದ ಪಾರಸಿಯಿಂದ ಬಂದದ್ದು. ನಿಮ್ಮ ಕೋಟೆಯ ಬತ್ತೇರಿಯೂ ತೋಪು ಇಡುವ ಬ್ಯಾಟರಿಯೇ. ಅದಕ್ಕೆ ಯಾರೂ ಅಚ್ಚಗನ್ನಡ ಹುಡುಕಲಿಲ್ಲ.

ಉತ್ತರ (ಚಿತ್ರದುರ್ಗದಿಂದ):
ಬತ್ತೇರಿ ನಮ್ಮ ಬಾಯಿಗೆ ಒಗ್ಗಿತು. ದ್ವಿತ್ವ ಬಂತು, ಕೊನೆಗೆ ಇಕಾರ ನಿಂತಿತು. ಫೀಲ್ಡ್ ಹಾಗೆ ಒಗ್ಗಿಲ್ಲ. ಒಗ್ಗದ್ದನ್ನು ಗೋಡೆಗೆ ಏರಿಸಬೇಡಿ ಎನ್ನುವುದಷ್ಟೇ ನನ್ನ ಮಾತು.

ಉತ್ತರ (ಜಗಳೂರಿನಿಂದ):
‘ಫೀಲ್ಡಿಗೆ, ಫೀಲ್ಡಿನ’ ಎಂದು ವಿಭಕ್ತಿ ಹತ್ತಿ ಎಷ್ಟು ಕಾಲವಾಯಿತು! ಇನ್ನೇನು ಒಗ್ಗಬೇಕು?

ಉತ್ತರ (ಹರಿಹರದಿಂದ, ಡಿಟಿಪಿ ಕೆಲಸ):
ಫಲಕ ಓದುವವನಿಗೆ ಕಾಣುವುದು ಸಂಖ್ಯೆ. ಫೀಲ್ಡಿನ ಸಂಕೇತ ಆಲ್ಟ್+ಎಫ್9 ಒತ್ತಿದಾಗ ಕಣ್ಣಿಗೆ ಬೀಳುತ್ತದೆ. ‘ಶೀರ್ಷಿಕೆ ಸಂಖ್ಯೆ’ ಎಂದು ಬರೆದು ಮುಗಿಸಿ. ಪದಕ್ಕಿಂತ ಮುಖ್ಯವಾದ ಒಂದು ಎಚ್ಚರಿಕೆ: ಟೆಕ್ಸ್ಟ್ ಬಾಕ್ಸ್ ಒಳಗಿನ ಕ್ಯಾಪ್ಶನ್ ಎಲ್ಲವನ್ನೂ ಒಟ್ಟಿಗೆ ಆಯುವ ಕಂಟ್ರೋಲ್+ಎ ಹಿಡಿತಕ್ಕೆ ಸಿಗದು, ಒಳಗೆ ಕ್ಲಿಕ್ ಮಾಡಿ ಬೇರೆಯಾಗಿ ಎಫ್9 ಒತ್ತಬೇಕು. ಕಂಟ್ರೋಲ್+ಶಿಫ್ಟ್+ಎಫ್9 ಅನ್ನು ಕೆಂಪಕ್ಷರದಲ್ಲಿ ಹಾಕಿಸಿ. ಅದನ್ನೊತ್ತಿದರೆ ಫೀಲ್ಡ್ ಹೋಗಿ ಬರೀ ಅಂಕಿ ಉಳಿಯುತ್ತದೆ. ಫೈಲ್ ಮುಚ್ಚಿದ ಮೇಲೆ ವಾಪಸ್ ತರಲಾಗದು.

ಉತ್ತರ (ದಾವಣಗೆರೆಯಿಂದ, ಪ್ರಶ್ನೆ ಕೇಳಿದವರು):
ಎಲ್ಲರಿಗೂ ಧನ್ಯವಾದ. ಅಂಗಡಿಗೆ ಕೊಟ್ಟದ್ದು ಇದು: ‘ಶೀರ್ಷಿಕೆ ಸಂಖ್ಯೆಯನ್ನು ಕೈಯಲ್ಲಿ ತಿದ್ದಬೇಡಿ. ಕಂಟ್ರೋಲ್+ಎ, ಆಮೇಲೆ ಎಫ್9 ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್‌ಎನ್ ಕೂಡ.’ ಬೀಗದ ಸಾಲು, ಕೆಂಪು ಸಾಲು ಅದರ ಕೆಳಗಿವೆ.

ಉತ್ತರ (ಚಿತ್ರದುರ್ಗದಿಂದ):
ಶೀರ್ಷ ಎಂದರೆ ತಲೆ. ಚಿತ್ರದ ಕ್ಯಾಪ್ಶನ್ ಇರುವುದು ಕೆಳಗೆ. ನನ್ನ ಆಕ್ಷೇಪ ದಾಖಲಾಗಲಿ.