ಡಿಸೆಂಬರಿನಲ್ಲಿ ಎರಡು ದಿನ ಮಡಿಕೇರಿ: ಕೋಟೆ, ಗದ್ದುಗೆ, ರಾಜಾಸೀಟ್ ನೋಡಿದವರು ಅನುಭವ ಹೇಳಿ

ದಾವಣಗೆರೆ ಅಕ್ಕ:
ಅಮ್ಮನಿಗೆ 67 ವರ್ಷ, ಮೊಣಕಾಲು ನೋವು. ಡಿಸೆಂಬರ್ ಕೊನೆಯ ವಾರ ಬಸ್ಸಿನಲ್ಲಿ ಬರುವ ಯೋಚನೆ. ಜಲಪಾತ, ಬೆಟ್ಟ ಬೇಡ. ಕೋಟೆ, ಓಂಕಾರೇಶ್ವರ ದೇವಸ್ಥಾನ, ರಾಜರ ಸಮಾಧಿ ಇರುವ ಗದ್ದುಗೆ, ರಾಜಾಸೀಟ್, ಸಾಧ್ಯವಾದರೆ ನಾಲ್ಕುನಾಡು ಅರಮನೆ. ಆಟೋ ಸಾಕಾ, ಕಾರು ಬೇಕಾ? ಹೋಗಿಬಂದವರು ತಿಳಿಸಿ.

ಸೋಮವಾರಪೇಟೆ ಸೊಸೆ:
ಡಿಸೆಂಬರ್ ಕೊನೆಯ ವಾರ ಅಂದ ಕೂಡಲೇ ಎದೆ ಧಸಕ್ಕೆಂದಿತು. ಹೋದ ವರ್ಷ 27ನೇ ತಾರೀಕು ಅತ್ತೆ ಮಾವನನ್ನು ಕರ್ಕೊಂಡು ಹೋಗಿದ್ದೆ. ನಲವತ್ತು ಕಿಲೋಮೀಟರ್ ದಾರಿಗೆ ಎರಡೂವರೆ ಗಂಟೆ. ಬೇರೆ ದಿನ 1,800 ಇರುವ ರೂಮಿಗೆ 5,200 ಕೊಟ್ಟೆವು, ಬಿಸಿನೀರು ಬೆಳಿಗ್ಗೆ ಒಂದೇ ಗಂಟೆ. ಬಾಡಿಗೆ ಕಾರಿಗೆ 3,600, ಮೇಲೆ ಡ್ರೈವರ್ ಊಟ, ಪಾರ್ಕಿಂಗ್ ಸೇರಿ 450. ಇಷ್ಟೆಲ್ಲ ಸುರಿದು ರಾಜಾಸೀಟ್ ಗೇಟಿಗೆ ತಲುಪುವಾಗ ಸೂರ್ಯ ಮುಳುಗಿ ಆಗಿತ್ತು. ಅತ್ತೆ ಇವತ್ತಿಗೂ ಆ ಮಾತು ಎತ್ತುತ್ತಾರೆ. ಮರುದಿನ ಬೆಳಿಗ್ಗೆ ಏಳಕ್ಕೆ ಹಟ ಹಿಡಿದು ಮತ್ತೆ ಹೋದೆವು. ಕೆಳಗೆ ಕಣಿವೆ ತುಂಬ ಮಂಜು, ಆ ನಾಲ್ಕು ಕಮಾನಿನ ಮಂಟಪದ ಹತ್ತಿರ ಒಂದು ಪಿಳ್ಳೆಯೂ ಇಲ್ಲ. ಮಾವ ಮುಕ್ಕಾಲು ಗಂಟೆ ಮಾತಾಡದೆ ಕೂತಿದ್ದರು. ಆ ಮುಕ್ಕಾಲು ಗಂಟೆಗೆ ಬೇಕಾದರೆ ಇನ್ನೊಮ್ಮೆ 5,200 ಕೊಡುತ್ತೇನೆ.

ಮೈಸೂರು ಬುಲೆಟ್:
ಟಿಪ್ಪು ಕೋಟೆ ನೋಡಬೇಕು ಅಂತ ಜುಲೈಯಲ್ಲಿ 120 ಕಿಲೋಮೀಟರ್ ಬೈಕಿನಲ್ಲಿ ಹೋದವನು ನಾನು. ಮಗ ಹಿಂದೆ ಕೂತಿದ್ದ. ಕೋಟೆ ಗೋಡೆಯ ಮೇಲೆ ಪಾಚಿ, ಕಾಲಿಟ್ಟ ಕೂಡಲೇ ಜಾರಿದ. ಮಣಿಕಟ್ಟು ಮುರಿಯಿತು. ಎಕ್ಸ್‌ರೇ 700, ಕಟ್ಟು ಹಾಕಿಸಿದ್ದು 6,500, ಮೈಸೂರಿಗೆ ವಾಪಸ್ ಕಾರು 4,000, ಬೈಕ್ ತರಿಸಲು ಇನ್ನೊಂದು 2,000. ಆರು ವಾರ ಸ್ಕೂಲಿನಲ್ಲಿ ಎಡಗೈಯಲ್ಲಿ ಬರೆದ. ಗಾರೆಯ ಎರಡು ಆನೆ ಬಿಟ್ಟರೆ ಅಲ್ಲಿ ನೋಡಲು ಏನಿದೆ?

ಮಹದೇವಪೇಟೆಯವ:
ಹುಡುಗನ ಕೈಗೆ ಪೆಟ್ಟಾದದ್ದಕ್ಕೆ ಬೇಸರ ಇದೆ. ಆದರೆ ಜುಲೈ ಮಳೆಯಲ್ಲಿ ಗೋಡೆ ಹತ್ತಿಸಿದ್ದು ಯಾರು? ಮತ್ತೆ ‘ಟಿಪ್ಪು ಕೋಟೆ’ ಅನ್ನಬೇಡಿ ಮಾರಾಯ್ರೆ. ಮಣ್ಣಿನ ಕೋಟೆ ಕಟ್ಟಿಸಿದ್ದು ಕೊಡಗಿನ ರಾಜ ಮುದ್ದುರಾಜ, 1681ರಲ್ಲಿ ಊರು ಕಟ್ಟಿದವರು, ಮಡಿಕೇರಿಯ ಹೆಸರೇ ಮುದ್ದುರಾಜನ ಕೇರಿ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ನಮ್ಮ ರಾಜ ದೊಡ್ಡವೀರರಾಜೇಂದ್ರರು ಮರಳಿ ಪಡೆದರು. ಒಳಗಿನ ಅರಮನೆ ಲಿಂಗರಾಜೇಂದ್ರರು 1812ರಿಂದ 1814ರಲ್ಲಿ ಕಟ್ಟಿಸಿದ್ದು. ನೋಡಲು ಏನಿದೆ ಅಂತೀರಿ, 1855ರ ಚರ್ಚಿನಲ್ಲಿರುವ ಮ್ಯೂಸಿಯಂ ಬಾಗಿಲಾದರೂ ದಾಟಿದ್ರಾ?

ಮೈಸೂರು ಬುಲೆಟ್:
ಕಲ್ಲಿನಲ್ಲಿ ಕಟ್ಟಿಸಿದ್ದು ಟಿಪ್ಪು ಅಂತ ನೀವೇ ಒಪ್ಪಿದಿರಿ. ಮತ್ತೆ ನಾನು ಹೇಳಿದ್ದರಲ್ಲಿ ತಪ್ಪೇನು? ಮಗನ ಕೈ ಹಿಡ್ಕೊಂಡು ಆಸ್ಪತ್ರೆಗೆ ಓಡಿದವನಿಗೆ ಮ್ಯೂಸಿಯಂ ಪಾಠ ಬೇಡ.

ಕಕ್ಕಬ್ಬೆ ತೋಟದವರು:
ಕೋಟೆ ಜಗಳ ಸಾಕು, ನಾಲ್ಕುನಾಡು ಅರಮನೆ ಕೇಳಿದ್ದಾರೆ. 1792–94ರಲ್ಲಿ ದೊಡ್ಡವೀರರಾಜೇಂದ್ರರು ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ್ದು. ಮರದ ಕೆತ್ತನೆ, ಗೋಡೆ ಚಿತ್ರ ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನನ್ನ ಅಣ್ಣ ಅಮೆರಿಕಾದಿಂದ ಬಂದಾಗ ಮಡಿಕೇರಿಯಿಂದ ಜೀಪಿಗೆ 2,800 ಕೊಟ್ಟ. ನಾಪೋಕ್ಲು ದಾಟಿದ ಮೇಲೆ ಟಯರ್ ಪಂಕ್ಚರ್, ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಒಂದೂವರೆ ಗಂಟೆ ರಸ್ತೆ ಬದಿಯಲ್ಲಿ. ಬಂದವನು ಆ ಗೋಡೆ ಮುಂದೆ ನಿಂತು ಕಣ್ಣೀರು ಹಾಕಿದ. ಒಂದು ಪೂರ್ತಿ ದಿನ ಇಡಿ, ಇಲ್ಲದಿದ್ದರೆ ಬರಲೇಬೇಡಿ.

ದಾವಣಗೆರೆ ಅಕ್ಕ:
ಎಲ್ಲರಿಗೂ ಧನ್ಯವಾದ. ಊರೊಳಗೆ ಆಟೋ ಸಾಕಾಗುತ್ತಾ? ಗದ್ದುಗೆ ಹತ್ತಿರ ಏರು ಇದೆಯಾ?

ಮಹದೇವಪೇಟೆಯವ:
ಗದ್ದುಗೆ ನಮ್ಮ ಮನೆಯಿಂದ ಹತ್ತು ನಿಮಿಷ. ಅಪ್ಪ ತೀರಿಹೋದ ವರ್ಷ ದಿನಾ ಸಂಜೆ ಅಲ್ಲಿ ಕೂರುತ್ತಿದ್ದೆ. ನಡುವೆ ದೊಡ್ಡವೀರರಾಜೇಂದ್ರರು ಮತ್ತು ರಾಣಿ, ಬಲಕ್ಕೆ ಲಿಂಗರಾಜೇಂದ್ರರು, ಎಡಕ್ಕೆ ಗುರು ರುದ್ರಪ್ಪ. ಪಕ್ಕದಲ್ಲಿ ರಾಜರ ಅಧಿಕಾರಿ ಬಿದ್ದಂಡ ಬೋಪು, ಅವರ ಮಗ ಸೋಮಯ್ಯ. ಕೊನೆಯ ರಾಜ ಚಿಕ್ಕವೀರರಾಜೇಂದ್ರರಿಗೆ ಮಾತ್ರ ಇಲ್ಲಿ ಜಾಗ ಸಿಗಲಿಲ್ಲ. 1834ರಲ್ಲಿ ಬ್ರಿಟಿಷರು ಇಳಿಸಿದರು, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಗುಮ್ಮಟ ನೋಡಿ ‘ಮಸೀದಿಯಾ?’ ಅಂತ ಕೇಳಿ ಕಾರು ತಿರುಗಿಸಿಕೊಂಡು ಹೋದವರನ್ನು ಕಣ್ಣಾರೆ ಕಂಡಿದ್ದೇನೆ. 1820ರ ಓಂಕಾರೇಶ್ವರಕ್ಕೂ ಅಂಥದ್ದೇ ಗುಮ್ಮಟ, ನಮ್ಮ ರಾಜರು ಹಾಗೆ ಕಟ್ಟಿಸಿದರು. ಸೋಮವಾರಪೇಟೆಯವರೇ, ಅಷ್ಟು ದುಡ್ಡು ಸುರಿದ ನೀವು ಗದ್ದುಗೆಗೆ ಹೋದ್ರಾ?

ಸೋಮವಾರಪೇಟೆ ಸೊಸೆ:
ಹೋಗಲಿಲ್ಲ. ಅತ್ತೆ ಕಾಲು ಊದಿತ್ತು. ಅದಕ್ಕೆ ಇಷ್ಟು ಚುಚ್ಚುವ ಅಗತ್ಯ ಇರಲಿಲ್ಲ ಅಣ್ಣಾ. ರಜೆ ಬಂದ ಕೂಡಲೇ ರೂಮಿನ ರೇಟು ಮೂರು ಪಟ್ಟು ಮಾಡುವವರನ್ನು ಕೇಳಿ ಮೊದಲು.

ಕಕ್ಕಬ್ಬೆ ತೋಟದವರು:
ಎಲ್ಲ ಹೋಂಸ್ಟೇಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ತಂಗೆ. 2018ರ ಆಗಸ್ಟ್ ಮಳೆಗೆ ಗುಡ್ಡ ಜರಿದ ಮೇಲೆ ನಮ್ಮ ಎರಡು ರೂಮು ಐದು ತಿಂಗಳು ಖಾಲಿ ಬಿದ್ದಿತ್ತು. ಬ್ಯಾಂಕ್ ಕಂತು ತಿಂಗಳಿಗೆ 11,400, ಒಂದೂ ತಪ್ಪಿಸಲಿಲ್ಲ. ಆಗಲೂ ರೇಟು 1,500, ಈಗ 2,000. ಹಬ್ಬಕ್ಕೂ ಅಷ್ಟೇ.

ಮೈಸೂರು ಬುಲೆಟ್:
ಹಾಗಾದರೆ ನನ್ನ ಹತ್ತಿರ ಜುಲೈಯಲ್ಲೇ 3,000 ಕಿತ್ತುಕೊಂಡವರು ಯಾರ ಊರಿನವರು?